ಕಡಿಮೆ ಅಂಕದ ಗೋಡೆ

ಸಮಿತಿಯವರಿಗೆ ಡ್ರಾಯಿಂಗ್ ಹಾಲಿನೊಳಗೆ ಎಳನೀರು ಕೊಡಬೇಡಿ. ಕೊಡಲೇಬೇಕು ಎಂದಿದ್ದರೆ ಹೊರಗೆ ಮರದ ಕೆಳಗೆ ಕೂರಿಸಿ ಕೊಡಿ. ಕುಡಿದು ಬುರುಡೆ ಕೆಳಗಿಟ್ಟ ಮೇಲೆ ಒಳಗೆ ಕರೆದುಕೊಂಡು ಬನ್ನಿ. ಆರ್ಕಿಟೆಕ್ಚರ್ ಕಾಲೇಜುಗಳಲ್ಲಿ ನನ್ನಂಥ ಕೆಲಸಕ್ಕೆ ಈಗ ಸೇರುತ್ತಿರುವವರಿಗೆ ಅನುಭವ ಬರೆದುಕೊಡಿ ಎಂದು ಕೇಳಿದಾಗ ನನಗೆ ಮೊದಲು ನೆನಪಾದದ್ದು ಈ ಮಾತು. ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದೇನೆ. ಹಾಗಾಗಿ ಬೇಡದ ಮಾತು ಬರೆಯಲು ನನಗೂ ಸೋಮಾರಿತನ.

ನನ್ನ ಹೆಸರು ವೆಂಕಟೇಶಪ್ಪ. ಊರು ತಾಯಲೂರಿನ ಹತ್ತಿರ. ಏಳನೇ ಕ್ಲಾಸಿಗೆ ಓದು ಬಿಟ್ಟು ಮುಳಬಾಗಿಲಿನ ಒಂದು ಅಂಗಡಿಯಲ್ಲಿ ಬಾಗಿಲು, ಕಿಟಕಿ ಮಾಡುತ್ತಿದ್ದೆ. ಕೋಲಾರದ ಹೊರಗೆ ಹೆದ್ದಾರಿ ಪಕ್ಕದಲ್ಲಿ ಒಂದು ಟ್ರಸ್ಟಿನವರು ಆರ್ಕಿಟೆಕ್ಚರ್ ಕಾಲೇಜು ತೆಗೆದಾಗ, ವಿದ್ಯಾರ್ಥಿಗಳು ಕಟ್ಟಡದ ಮಾದರಿ ಮಾಡುವ ವರ್ಕ್‌ಶಾಪಿಗೆ ಬಡಗಿಯಾಗಿ ಸೇರಿಕೊಂಡೆ. ಎಸ್ಸೆಸ್ಸೆಲ್ಸಿ ಕಟ್ಟಿದ್ದು ಆಮೇಲೆ, ಮಗಳು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ. ಪರೀಕ್ಷೆಯ ದಿನ ಬಾಗಿಲಲ್ಲಿದ್ದ ಮೇಡಂ, ‘ಪೋಷಕರು ಗೇಟಿನ ಆಚೆ ಇರಿ’ ಎಂದು ನನ್ನನ್ನು ಕಳಿಸಿಬಿಟ್ಟಿದ್ದರು. ಹಾಲ್ ಟಿಕೆಟ್ ತೋರಿಸಿ ಮತ್ತೆ ಒಳಗೆ ಹೋದೆ. ಪಾಸಾದ ಮೇಲೆ ವರ್ಕ್‌ಶಾಪಿನ ಜೊತೆಗೆ ಪರಿಶೀಲನೆಗೆ ಡ್ರಾಯಿಂಗ್ ಹಾಲ್ ಸಜ್ಜು ಮಾಡುವ ಕೆಲಸವೂ ನನ್ನ ಪಾಲಿಗೆ ಬಂತು. ನಿವೃತ್ತಿಯಾಗುವವರೆಗೂ ಅದನ್ನೇ ಮಾಡಿದೆ.

ಪರಿಶೀಲನೆ ಎಂದರೆ ಏನು ಎಂದು ನಮ್ಮೂರಿನವರಿಗೆ ಹೇಳುವುದು ಕಷ್ಟ. ಆರ್ಕಿಟೆಕ್ಚರ್ ಐದು ವರ್ಷದ ಓದು. ಪದವಿ ಕೊಡುವುದು ವಿಶ್ವವಿದ್ಯಾಲಯ. ಆದರೆ ಆ ಪದವಿ ಹಿಡಿದು ಆರ್ಕಿಟೆಕ್ಟ್ ಎಂದು ಬೋರ್ಡು ಹಾಕಬೇಕಾದರೆ ವೃತ್ತಿ ಮಂಡಳಿಯಲ್ಲಿ ಹೆಸರು ನೋಂದಾಯಿಸಿ ಒಂದು ನಂಬರ್ ಪಡೆಯಬೇಕು. ಮಂಡಳಿಯ ಸಮಿತಿ ಬಂದು ನೋಡಿ ಒಪ್ಪಿದ ಕಾಲೇಜಿನವರಿಗೆ ಮಾತ್ರ ಆ ನಂಬರ್ ಸಿಗುತ್ತದೆ.

ಒಂದು ಸಲ ನಮ್ಮ ಚಿಕ್ಕಪ್ಪನ ಮಗ ಕೇಳಿದ: “ಅಲ್ಲಲಾ, ಯೂನಿವರ್ಸಿಟಿನೋರೇ ಪಾಸು ಅಂದ್ಮೇಲೆ ಇನ್ಯಾರ್ ಬಂದು ನೋಡೋದು?”

“ಡ್ರೈವಿಂಗ್ ಸ್ಕೂಲ್ನೋರು ಕಲುಸ್ತಾರೆ, ಲೈಸೆನ್ಸ್ ಆರ್‌ಟಿಓನೋರು ಕೊಡ್ತಾರಲ್ವಾ? ಇಲ್ಲಿ ಆರ್‌ಟಿಓನೋರು ಬಂದು ಡ್ರೈವಿಂಗ್ ಸ್ಕೂಲ್ಗೇ ಟೆಸ್ಟ್ ಮಾಡ್ತಾರೆ.”

“ಅಂಗಾದ್ರೆ ಮಧ್ಯದಾಗೆ ಏಜೆಂಟ್ ಇರ್ತಾನೆ ಬಿಡು.”

ಏಜೆಂಟ್ ಇರಲಿಲ್ಲ. ಮೇಷ್ಟ್ರುಗಳು ಎಷ್ಟು ಜನ, ಲೈಬ್ರರಿಯಲ್ಲಿ ಏನಿದೆ, ಶೌಚಾಲಯದಲ್ಲಿ ನೀರು ಬರುತ್ತದೆಯೇ ಎಂದು ಸಮಿತಿ ನೋಡುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ವಿದ್ಯಾರ್ಥಿಗಳು ಬರೆದ ನಕ್ಷೆಗಳನ್ನು ನೋಡುತ್ತಿತ್ತು. ಆ ನಕ್ಷೆಗಳನ್ನು ಗೋಡೆಗೆ ಹಾಕುವವನು ನಾನು.

ಮೊದಲನೇ ಪರಿಶೀಲನೆಯ ಹೊತ್ತಿಗೆ ನಮ್ಮ ಪ್ರಿನ್ಸಿಪಾಲರು ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ಬಂದಿದ್ದ ಹಿರಿಯರು. ಬಂದವರನ್ನು ಬಿಸಿಲಲ್ಲಿ ನಿಲ್ಲಿಸಬಾರದು ಎಂಬುದು ಅವರ ನಿಯಮ. ಹಾರ ಹಾಕಿಸಿ, ಹಾಲಿನೊಳಗೆ ಕರೆತಂದು, ಸಮಿತಿಯ ಪ್ರತಿಯೊಬ್ಬರ ಕೈಗೂ ಎಳನೀರು ಕೊಡಿಸಿದರು. ಆಗಿನ್ನೂ ಟ್ರೇಸಿಂಗ್ ಹಾಳೆಯ ಮೇಲೆ ಶಾಯಿಯಲ್ಲಿ ನಕ್ಷೆ ಬರೆಯುವ ಕಾಲ. ಗೆರೆ ತಪ್ಪಿದರೆ ಬ್ಲೇಡಿನಲ್ಲಿ ಮೆಲ್ಲಗೆ ಕೆರೆದು ತೆಗೆದು ಮತ್ತೆ ಬರೆಯಬೇಕು. ನೀರು ಬಿದ್ದರೆ ಕಥೆ ಮುಗಿಯಿತು. ಸಮಿತಿಯ ಮುಖ್ಯಸ್ಥರು ಮೇಜಿನ ಮೇಲಿದ್ದ ನಕ್ಷೆ ನೋಡಲು ಬಗ್ಗಿದವರು ಎಳನೀರನ್ನು ಅದರ ಪಕ್ಕದಲ್ಲೇ ಇಟ್ಟರು. ಎಳನೀರಿಗೆ ಕೂರಲು ತಳ ಎಲ್ಲಿದೆ? ಉರುಳಿತು. ಆ ನಕ್ಷೆಯಲ್ಲಿ ನೀಲಿ ಶಾಯಿಯ ಒಂದು ಕೆರೆ, ಅದರ ದಂಡೆಯ ಮೇಲೆ ಉದ್ಯಾನ ಇತ್ತು. ನೀರು ಸರಿಯಾಗಿ ಕೆರೆಯ ಮೇಲೇ ಬಿದ್ದು, ದಂಡೆ ದಾಟಿ, ಉದ್ಯಾನವನ್ನೆಲ್ಲ ನೀಲಿ ಮಾಡಿ ಮೇಜಿನ ಅಂಚಿನಿಂದ ಕೆಳಗಿಳಿಯಿತು.

“ನಿಮ್ಮ ಕೆರೆ ಕೋಡಿ ಹೋಯ್ತಲ್ರೀ” ಎಂದರು ಮುಖ್ಯಸ್ಥರು. ನಕ್ಷೆ ಬರೆದ ಹುಡುಗ ಮಾತ್ರ ನಗಲಿಲ್ಲ.

ಅದೇ ದಿನ ಇನ್ನೊಂದು ಆಯಿತು. ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆ ಮಾಡುವ ಪಾಠಕ್ಕೆಂದು ವಿದ್ಯಾರ್ಥಿಗಳು ಆವನಿಯ ದೇವಸ್ಥಾನಕ್ಕೆ ಹೋಗಿದ್ದರು. ಎರಡು ತಂಡ ಮಾಡಿದ್ದರು. ಎರಡೂ ತಂಡದ ನಕ್ಷೆಗಳನ್ನು ನಾನು ಪಕ್ಕಪಕ್ಕದಲ್ಲಿ ಹಾಕಿದ್ದೆ. ಒಂದು ತಂಡದ ಟೇಪಿನ ತುದಿ ಮೊದಲೇ ಮುರಿದುಹೋಗಿತ್ತು. ಆ ಹುಡುಗರು ಮುರಿದ ತುದಿಯನ್ನೇ ಗೋಡೆಗೆ ಹಿಡಿದು ಅಂಕಿ ಓದಿಕೊಂಡು ಬಂದಿದ್ದರು. ಅವರ ದೇವಸ್ಥಾನದ ಪ್ರತಿಯೊಂದು ಕಂಬದ ಸಂದೂ ಪಕ್ಕದ ದೇವಸ್ಥಾನಕ್ಕಿಂತ ಒಂದು ಗೇಣು ಹೆಚ್ಚು. ಮುಖ್ಯಸ್ಥರು ಎರಡನ್ನೂ ನೋಡಿ, “ದೇವರು ಬೆಳೀತಾ ಇದಾರಾ?” ಎಂದು ಕೇಳಿದರು. ಆದರೂ ಹೊಸ ಕಾಲೇಜು ಎಂದು ಆ ಸಲ ಅನುಮತಿ ಕೊಟ್ಟು ಹೋದರು. ಹೊಸಬರಿಗೆ ಸಿಗುವ ಈ ಸಡಿಲ ಎರಡನೇ ಸಲ ಸಿಗುವುದಿಲ್ಲ.

ಎರಡನೇ ಪರಿಶೀಲನೆ ಬಂದಾಗ ಕಾಲೇಜು ತೆಗೆದ ವರ್ಷ ಸೇರಿದ ಮೊದಲನೇ ತಂಡದ ವಿದ್ಯಾರ್ಥಿಗಳು ನಾಲ್ಕನೇ ವರ್ಷದಲ್ಲಿದ್ದರು. ಆ ವೇಳೆಗೆ ಕಾಲೇಜಿನ ಹಿಂದೆ ಒಂದು ಅಂಗಳ ಮಾಡಿದ್ದೆವು. ಅಲ್ಲಿ ವಿದ್ಯಾರ್ಥಿಗಳು ತಮ್ಮ ಕೈಯಿಂದಲೇ ಇಟ್ಟಿಗೆ ಜೋಡಿಸಿ ಗೋಡೆ ಕಟ್ಟುತ್ತಿದ್ದರು. ಮೊಣಕಾಲೆತ್ತರದ್ದು, ಎದೆಯೆತ್ತರದ್ದು. ಇಟ್ಟಿಗೆಯನ್ನು ಎಲ್ಲಿ ಉದ್ದಕ್ಕೆ, ಎಲ್ಲಿ ಅಡ್ಡಕ್ಕೆ ಇಡಬೇಕು, ಮೂಲೆಯನ್ನು ಹೇಗೆ ತಿರುಗಿಸಬೇಕು ಎಂದು ಕಲಿಯುವ ಗೋಡೆಗಳು ಅವು. ಸೂರಿಲ್ಲ, ಬಾಗಿಲಿಲ್ಲ. ಸೊಟ್ಟಗೆ ಕಟ್ಟಿದ್ದನ್ನೂ ಹಾಗೇ ಬಿಟ್ಟಿದ್ದರು.

ಟ್ರಸ್ಟಿನ ಮ್ಯಾನೇಜರ್ ರೆಡ್ಡಪ್ಪನವರು. ಕೆಟ್ಟವರಲ್ಲ. ಕಾಲೇಜನ್ನು ತಮ್ಮ ಮನೆ ಅಂದುಕೊಂಡಿದ್ದರು, ಅದೇ ತೊಂದರೆ. ಸಮಿತಿ ಬರುವ ಮುಂಚಿನ ವಾರ ಪ್ರಿನ್ಸಿಪಾಲರು ಬೆಂಗಳೂರಿಗೆ ಹೋಗಿದ್ದರು. ವಿದ್ಯಾರ್ಥಿಗಳಿಗೆ ರಜ. ನಾನು ನಕ್ಷೆ ಹಾಕುವ ಹಲಗೆ ತರಲು ಮುಳಬಾಗಿಲಿಗೆ ಹೋಗಿದ್ದೆ. ರೆಡ್ಡಪ್ಪನವರು ಹಿಂದಿನ ಅಂಗಳಕ್ಕೆ ಹೋಗಿ ನೋಡಿದರಂತೆ. ಮಾಲೂರಿನಿಂದ ಗಾರೆಯವರನ್ನು ಕರೆಸಿದರು. ನಾನು ವಾಪಸು ಬರುವಷ್ಟರಲ್ಲಿ ಪ್ರತಿಯೊಂದು ಗೋಡೆಗೂ ಪ್ಲಾಸ್ಟರ್ ಆಗಿ, ತೆಳು ಹಸಿರು ಬಣ್ಣ ಬಳಿದು, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದು, ಮುಂದೆ ರಂಗೋಲಿ ಹಾಕಲು ಜಾಗ ಗುಡಿಸುತ್ತಿದ್ದರು.

“ಇದೇನ್ ಸಾರ್ ಇದು?” ಎಂದೆ.

“ಮತ್ತಿನ್ನೇನಯ್ಯಾ, ನೆಂಟರು ಬರೋ ಮನೆ ಅಂಗಿರಬೌದಾ? ಬಿದ್ದೋಗಿರೋ ಮನೆ ಇದ್ದಂಗಿತ್ತು. ಈಗ್ ನೋಡು, ಲಕ್ಷಣವಾಗೈತೆ.”

ಸಮಿತಿಯಲ್ಲಿ ಈ ಸಲ ಹುಬ್ಬಳ್ಳಿ ಕಡೆಯ ಒಬ್ಬ ಮೇಡಂ ಇದ್ದರು. ಅಂಗಳಕ್ಕೆ ಬಂದರು. ಹಸಿರು ಗೋಡೆಗಳನ್ನು ನೋಡಿದರು.

“ಹುಡುಗ್ರು ಕಟ್ಟಿದ ಗೋಡಿ ಎಲ್ಲದಾವ್ರೀ?”

“ಇವೇ ಮೇಡಂ” ಎಂದರು ರೆಡ್ಡಪ್ಪನವರು.

“ಇಟ್ಟಂಗಿ?”

“ಒಳಗಡೆ ಇದಾವೆ ಮೇಡಂ. ಬಂದೋಬಸ್ತಾಗಿ ಇದಾವೆ.”

ಮೇಡಂ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ, ಮತ್ತೆ ಡ್ರಾಯಿಂಗ್ ಹಾಲಿಗೆ ಹೋಗೋಣ ಎಂದರು. ಅಲ್ಲಿ ನಾವು ಹಾಕಿದ್ದದ್ದು ಎಲ್ಲ ಒಳ್ಳೆಯ ಕೆಲಸ, ಹೆಚ್ಚು ಅಂಕ ಬಂದ ನಕ್ಷೆಗಳು. ಬೆಳಿಗ್ಗೆ ಅವುಗಳನ್ನು ಮೆಚ್ಚಿ ಹೋಗಿದ್ದವರು ಈಗ ಬಾಗಿಲಲ್ಲೇ ನಿಂತು, “ಇದೂ ಬಣ್ಣಾ ಹಚ್ಚಿದ ಗೋಡಿನ ಏನ್ರೀ?” ಎಂದು ಕೇಳಿದರು.

ಆ ಸಲ ಅನುಮತಿ ಪೂರ್ತಿ ಸಿಗಲಿಲ್ಲ. ಮುಂದಿನ ವರ್ಷ ಮತ್ತೆ ಬರುತ್ತೇವೆ, ಆಗ ತೀರ್ಮಾನ ಎಂದರು. ಮತ್ತೆ ಬಂದಾಗ ಡ್ರಾಯಿಂಗ್ ಹಾಲಿನಲ್ಲಿ ನಕ್ಷೆಗಳ ಎರಡು ಗೋಡೆ ಇರಬೇಕು ಎಂದೂ ಬರೆದರು. ಒಂದಕ್ಕೆ ಒಳ್ಳೆಯ ಕೆಲಸ, ಎದುರಿನದಕ್ಕೆ ಕಷ್ಟಪಟ್ಟು ಪಾಸಾದ ಕೆಲಸ. ಹೆಸರು ಮುಚ್ಚಬಹುದು, ಮೇಷ್ಟ್ರ ಕೆಂಪು ಗುರುತು ಮುಚ್ಚಬಾರದು. ಒಂದು ಕಾಲೇಜಿನ ಮಟ್ಟ ಗೊತ್ತಾಗುವುದು ಅದು ಯಾರಿಗೆ ಬಹುಮಾನ ಕೊಟ್ಟಿತು ಎಂಬುದರಿಂದಲ್ಲ, ಕೊನೆಯವರನ್ನು ಎಲ್ಲಿ ಹಿಡಿದು ಪಾಸು ಮಾಡಿತು ಎಂಬುದರಿಂದ. ಹೀಗೆಂದು ನಮಗೆ ವಿವರಿಸಿದವರು ಹೊಸ ಪ್ರಿನ್ಸಿಪಾಲರು, ವಿಮಲಾ ಮೇಡಂ. ಹಳಬರು ಆ ವರ್ಷವೇ ಬಿಟ್ಟು ಹೋಗಿದ್ದರು. ವಿಮಲಾ ಮೇಡಂ ಬಂದವರೇ ಅಂಗಳದ ಗೋಡೆಗಳ ಪ್ಲಾಸ್ಟರ್ ಕೆತ್ತಿಸಿದರು. ಒಂದನ್ನು ಮಾತ್ರ ಅರ್ಧ ಕೆತ್ತಿ ಅರ್ಧ ಹಸಿರಾಗೇ ಬಿಡಲು ಹೇಳಿದರು. ಯಾಕೆಂದು ರೆಡ್ಡಪ್ಪನವರು ಕೇಳಲಿಲ್ಲ.

ಈಗ ಮೊದಲನೇ ತಂಡ ಐದನೇ ವರ್ಷದಲ್ಲಿತ್ತು. ಈ ಸಲವೂ ಸಮಿತಿ ಒಪ್ಪದಿದ್ದರೆ ಅವರಿಗೆ ಪದವಿ ಸಿಗುತ್ತದೆ, ನಂಬರ್ ಸಿಗುವುದಿಲ್ಲ. ಐದು ವರ್ಷ ಓದಿ ಇನ್ನೊಬ್ಬರ ಆಫೀಸಿನಲ್ಲಿ ನಕ್ಷೆ ಬರೆದುಕೊಂಡು ಇರಬೇಕು.

ಕಡಿಮೆ ಅಂಕದ ಗೋಡೆಗೆ ನಕ್ಷೆ ಆರಿಸಿದವರು ವಿಮಲಾ ಮೇಡಂ ಮತ್ತು ಡಿಸೈನ್ ಪಾಠದ ಅನ್ವರ್ ಸಾರ್. ಅನ್ವರ್ ಸಾರ್ ಮುಳಬಾಗಿಲಿನವರು, ಮಾತು ಕಡಿಮೆ. ಎಲ್ಲಕ್ಕಿಂತ ಕಡಿಮೆ ಅಂಕಕ್ಕೆ ಪಾಸಾದ ನಕ್ಷೆ ಅಲಮೇಲುವಿನದು. ಯಲ್ದೂರಿನ ಹುಡುಗಿ. ಹಿಂದಿನ ವರ್ಷ ಅವಳು ಶ್ರೀನಿವಾಸಪುರಕ್ಕೆ ಒಂದು ಹೊಸ ಮಾವಿನ ಮಂಡಿಯ ನಕ್ಷೆ ಮಾಡಿದ್ದಳು. ಲಾರಿಗಳು ಗೇಟಿನಿಂದ ಒಳಗೆ ಬಂದು ಕಾಯಿ ತುಂಬಿಕೊಂಡು ಹೊರಗೆ ಹೋಗಬೇಕು. ಬರಲು ರಸ್ತೆ ಇತ್ತು, ನಿಲ್ಲಲು ಕಟ್ಟೆ ಇತ್ತು. ಆದರೆ ಕೊನೆಯಲ್ಲಿ ಒಂದು ಗೋಡೆ ಅಡ್ಡ ಬಂದು ಲಾರಿ ತಿರುಗಲು ಜಾಗವೇ ಇರಲಿಲ್ಲ. ಅನ್ವರ್ ಸಾರ್ ಅಲ್ಲಿ ಕೆಂಪು ಸುತ್ತು ಹಾಕಿ, ಅಂಕ ಕಡಿದು, ಪಾಸು ಮಾಡಿದ್ದರು.

ನಾನು ಹೆಸರಿನ ಮೇಲೆ ಕಪ್ಪು ಕಾಗದ ಅಂಟಿಸಿದೆ. ಏನೂ ಪ್ರಯೋಜನವಿಲ್ಲ. ಮಾವಿನ ಮಂಡಿ ಬರೆದವಳು ಇಡೀ ಕಾಲೇಜಿಗೆ ಒಬ್ಬಳೇ. ಜೊತೆಗೆ ಅವಳ ತಂದೆ ಮಂಡಿಯಲ್ಲಿ ಲಾರಿ ತುಂಬಿಸುವ ಮೇಸ್ತ್ರಿ ಎಂಬುದೂ ಎಲ್ಲರಿಗೂ ಗೊತ್ತಿತ್ತು.

“ಏನೇ ಅಲಮೇಲು, ನಿನ್ ಲಾರಿ ಇನ್ನೂ ಒಳಗೇ ಐತಾ?” ಎಂದು ಹುಡುಗರು ಹಾಲಿನ ಬಾಗಿಲಲ್ಲಿ ನಿಂತು ಕೂಗುತ್ತಿದ್ದರು. “ಲಾರಿ ಮೇಸ್ತ್ರಿ ಮಗಳೇ ಲಾರಿ ಮರ್ತ್ಬುಟ್ಲಲ್ಲಪ್ಪಾ!”

ಒಬ್ಬ ಇನ್ನೂ ಮುಂದೆ ಹೋದ: “ನಗ್ಬೇಡ್ರೋ. ನಮ್ಮೆಲ್ಲಾರ್ ನಂಬರೂ ಅದೇ ಲಾರಿಗೆ ಲೋಡಾಗೈತೆ.”

ಅದು ತಮಾಷೆಯಾಗಿರಲಿಲ್ಲ. ಈ ನಕ್ಷೆ ಪಾಸಾಗುವಂಥದ್ದಲ್ಲ ಎಂದು ಸಮಿತಿ ಹೇಳಿದರೆ ಇಡೀ ತಂಡ ನಿಂತುಹೋಗುತ್ತಿತ್ತು.

ಸಮಿತಿ ಬರುವ ಹಿಂದಿನ ದಿನ ಮಧ್ಯಾಹ್ನ ನಾನು ಏಣಿಯ ಮೇಲಿದ್ದೆ. ಅಲಮೇಲು ಬಂದಳು.

“ವೆಂಕಟೇಶಣ್ಣ, ನನ್ನ ಶೀಟು ಸ್ವಲ್ಪ ಇಳಿಸಿಕೊಡ್ತೀರಾ? ಇಲ್ಲೇ ಕೂತ್ಕೊಂಡು ಮಾಡ್ತೀನಿ, ಎಲ್ಲೂ ತಗೊಂಡ್ ಹೋಗಲ್ಲ.”

“ಏನ್ ಮಾಡ್ತೀಯಮ್ಮ?”

ಅವಳ ಕೈಯಲ್ಲಿ ಬ್ಲೇಡು, ಪೆನ್ನು ಎರಡೂ ಇದ್ದವು. “ಆ ಗೋಡೆ ಕೆರೆದು ಇಷ್ಟು ಹಿಂದಕ್ಕೆ ಹಾಕ್ಬಿಡ್ತೀನಿ. ಲಾರಿ ಆರಾಮಾಗಿ ತಿರುಗುತ್ತೆ. ಈಗ ನಂಗೆ ಗೊತ್ತಣ್ಣ. ಹೋದ ಸೀಸನ್ನಲ್ಲಿ ಮಂಡಿಯಲ್ಲೇ ನಿಂತು ನೋಡ್ಕೊಂಡು ಬಂದಿದೀನಿ.”

ಅವಳಿಗೆ ನಿಜವಾಗಿಯೂ ಗೊತ್ತಿತ್ತು. ಬ್ಲೇಡಿನ ಕೆಲಸದಲ್ಲಿ ಆ ತಂಡದಲ್ಲಿ ಅವಳ ಕೈಯೇ ಶುದ್ಧ. ತಿದ್ದಿದ್ದು ಯಾರಿಗೂ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ಊಟ ಮುಗಿಸಿ ರೆಡ್ಡಪ್ಪನವರು ಒಳಗೆ ಬಂದರು. ವಿಷಯ ಕೇಳಿ ಅವರ ಮುಖ ಅರಳಿತು.

“ಇಳ್ಸಯ್ಯಾ ಮತ್ತೆ! ಆ ಮಗೂನೇ ತನ್ ತಪ್ಪು ತಾನ್ ಸರಿ ಮಾಡ್ಕೋತೀನಿ ಅಂತೈತೆ, ನಿಂದೇನು?”

“ಮೇಡಂನ ಕೇಳ್ಬೇಕು ಸಾರ್.”

“ಒಂದು ಗೀಟು ಕಣಯ್ಯಾ. ಒಂದು ಗೀಟ್ಗೆ ಮೇಡಂ ಯಾಕೆ?”

ಇದನ್ನು ಓದುವ ಹೊಸಬರಿಗೆ ಇಲ್ಲಿ ಒಂದು ಮಾತು. ಅಂಕ ಬಿದ್ದ ಮೇಲೆ ಆ ಹಾಳೆ ಯಾರದ್ದೂ ಅಲ್ಲ. ಬರೆದವರು, ಮೇಷ್ಟ್ರು, ನೀವು, ಯಾರೂ ಮುಟ್ಟಬಾರದು. ಆದರೆ ಹುಡುಗಿಯೊಬ್ಬಳು ಬ್ಲೇಡು ಹಿಡಿದು ಏಣಿಯ ಕೆಳಗೆ ನಿಂತಿರುವಾಗ ಈ ಮಾತು ಸುಲಭವಾಗಿ ಬಾಯಿಗೆ ಬರುವುದಿಲ್ಲ. ನಾನು ಇಳಿದು ಹೋಗಿ ವಿಮಲಾ ಮೇಡಂ ಮತ್ತು ಅನ್ವರ್ ಸಾರನ್ನು ಕರೆದುಕೊಂಡು ಬಂದೆ.

ವಿಮಲಾ ಮೇಡಂ ರೆಡ್ಡಪ್ಪನವರ ಕಡೆ ನೋಡಿದರು. “ಹೋದ ವರ್ಷ ಇಟ್ಟಿಗೆ ಮುಚ್ಚಿದ್ರಿ. ಈ ವರ್ಷ ಲಾರಿನಾ?”

ರೆಡ್ಡಪ್ಪನವರು ಹಲ್ಲುಕಡ್ಡಿ ತೆಗೆದು ಜೇಬಿಗೆ ಹಾಕಿಕೊಂಡರು.

“ಮೇಡಂ, ನನ್ನಿಂದ ಎಲ್ಲಾರ್ದೂ ಹೋದ್ರೆ?” ಎಂದಳು ಅಲಮೇಲು. “ನಮ್ಮ ನಾಯ್ನ ದಿನಾ ಲಾರಿ ಜೊತೆ ಇರೋರು ಮೇಡಂ. ಈ ಶೀಟು ಅವ್ರಿಗೆ ತೋರಿಸೇ ಇಲ್ಲ. ಮಗಳು ಮಂಡಿ ಬರೆದಿದಾಳೆ ಅಂತ ಊರೆಲ್ಲಾ ಹೇಳ್ಕೊಂಡಿದಾರೆ. ಅದ್ರಿಂದ್ಲೇ ಕಾಲೇಜು ಹೋಯ್ತು ಅಂದ್ರೆ ನಾನೇನ್ ಹೇಳ್ಲಿ?”

ಮೇಡಂ ಮಾತಾಡುವ ಮುಂಚೆ ಅನ್ವರ್ ಸಾರ್ ಮಾತಾಡಿದರು. “ನೋಡಮ್ಮ, ಬರೆದಿದ್ದು ನೀನು. ಪಾಸ್ ಮಾಡಿದ್ದು ನಾನು. ಅವ್ರು ನಾಳೆ ಪರೀಕ್ಷೆ ಮಾಡೋಕ್ ಬರೋದು ನನ್ನನ್ನ. ನೀನು ಆ ಗೋಡೆ ಕೆರೆದುಬಿಟ್ರೆ ನನ್ನ ಕೆಂಪು ಸುತ್ತು ಯಾವುದರ ಸುತ್ತ ಇರ್ಬೇಕು?”

ಅಲಮೇಲು ಬ್ಲೇಡನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೋದಳು. ನಾನು ಮತ್ತೆ ಏಣಿ ಹತ್ತಿದೆ.

ಮಾರನೇ ದಿನ ಎಳನೀರು ಹೊರಗೆ ಮರದ ಕೆಳಗೇ ಮುಗಿಯಿತು. ಹುಬ್ಬಳ್ಳಿ ಮೇಡಂ ಈ ಸಲವೂ ಬಂದಿದ್ದರು. ಅಂಗಳದಲ್ಲಿ ಅರ್ಧ ಹಸಿರು ಗೋಡೆಯ ಮುಂದೆ ಒಂದು ಗಳಿಗೆ ನಿಂತು ಒಳಗೆ ಬಂದರು. ಒಳ್ಳೆಯ ಕೆಲಸದ ಗೋಡೆಯ ಮುಂದೆ ನಡೆದುಕೊಂಡು ಹೋದರು. ಎದುರಿನ ಗೋಡೆಯ ಮುಂದೆ ಕುರ್ಚಿ ಹಾಕಿಸಿಕೊಂಡರು. ಕುರ್ಚಿ ಸರಿಸಿಕೊಳ್ಳುತ್ತಾ ಒಂದೊಂದೇ ನೋಡಿ, ಮಾವಿನ ಮಂಡಿಯ ಎದುರು ಬಂದು ಕೂತರು.

“ಇದಕ್ಕ ಯಾರ್ರೀ ಮಾರ್ಕ್ಸ್ ಹಾಕ್ದವ್ರು?”

“ನಾನು ಮೇಡಂ” ಎಂದರು ಅನ್ವರ್ ಸಾರ್.

“ಬರದವ್ರನ್ನ ಕರೀರಿ.”

ಹೆಸರು ಮುಚ್ಚಿದ್ದು ಇದಕ್ಕೇ, ವಿದ್ಯಾರ್ಥಿಯನ್ನು ಕರೆಯುವ ಪದ್ಧತಿ ಇಲ್ಲ ಎಂದು ವಿಮಲಾ ಮೇಡಂ ಮೆಲ್ಲಗೆ ಹೇಳಿದರು. “ಬರದವ್ರಿಗೆ ಬರೂ ಮನಸಿದ್ರ ಬರ್ಲಿ. ಇಲ್ಲಂದ್ರ ಬ್ಯಾಡ” ಎಂದರು ಹುಬ್ಬಳ್ಳಿ ಮೇಡಂ. ಹಾಲಿನ ಬಾಗಿಲಲ್ಲಿ ಇಡೀ ತಂಡ ನಿಂತಿತ್ತು. ಅಲಮೇಲು ಅವರನ್ನು ದಾಟಿಕೊಂಡು ತಾನಾಗಿಯೇ ಒಳಗೆ ಬಂದಳು.

“ಈ ಲಾರಿ ಹೊರಗ ಹೆಂಗ ಹೋಗ್ತದವಾ?”

“ಹೋಗಲ್ಲ ಮೇಡಂ.”

ಬಾಗಿಲಲ್ಲಿ ಯಾರೋ ‘ಅಯ್ಯೋ’ ಎಂದರು. ರೆಡ್ಡಪ್ಪನವರು ಕಿಟಕಿಯ ಕಡೆ ತಿರುಗಿ ನಿಂತರು.

“ಹೋಗಂಗಿಲ್ಲಾ?”

“ತಿರುಗಲ್ಲ. ರಿವರ್ಸಲ್ಲೇ ಹೋಗ್ಬೇಕು. ಹಿಂದೆ ಒಬ್ರು ನಿಂತು ಗೇಟ್ ತನಕ ದಾರಿ ಹೇಳ್ತಾ ಬರ್ಬೇಕು.”

“ಮತ್ತ, ಅದೊಂದ ತಪ್ಪೇನು?”

ಅಲಮೇಲು ನಕ್ಷೆಯ ಹತ್ತಿರ ಹೋದಳು. “ಇನ್ನೂ ಇದೆ ಮೇಡಂ. ಇಲ್ಲಿ ಕಾಯಿ ಸುರೀತಾರೆ. ಸಂಜೆ ಬಿಸಿಲು ನೇರ ಇದ್ರ ಮೇಲೇ ಬೀಳುತ್ತೆ, ಕಾಯಿ ಬಾಡುತ್ತೆ. ಇಲ್ಲಿ ಹೆಂಗಸರು ಕೂತು ಕಾಯಿ ವಿಂಗಡಿಸ್ತಾರೆ. ಬೆಳಗಿನಿಂದ ಸಂಜೆ ತನಕ ಕೂರ್ತಾರೆ. ಅವ್ರಿಗೆ ಟಾಯ್ಲೆಟ್ಟೇ ಇಟ್ಟಿಲ್ಲ ನಾನು. ಮಳೆ ಬಂದ್ರೆ ಈ ಚರಂಡಿ ನೀರು ಹರಾಜು ಕೂಗೋ ಜಾಗಕ್ಕೇ ಬರುತ್ತೆ.”

“ಸರಿ ಇರೂದು ಏನರ ಐತೇನು?”

ಅಲಮೇಲು ನಕ್ಷೆಯಲ್ಲಿ ಕಟ್ಟೆಯ ಮೇಲೆ ಬೆರಳಿಟ್ಟಳು. “ಈ ಕಟ್ಟೆ ಎತ್ತರ ಸರಿ ಇದೆ ಮೇಡಂ. ಲಾರಿ ತೊಟ್ಟಿ ಮಟ್ಟಕ್ಕೇ ಇಟ್ಟಿದೀನಿ. ಕ್ರೇಟು ಹೊತ್ಕೊಂಡು ಹತ್ತಂಗಿಲ್ಲ, ತಳ್ಳಿದ್ರೆ ಸಾಕು.”

ಹುಬ್ಬಳ್ಳಿ ಮೇಡಂ ಅನ್ವರ್ ಸಾರ್ ಕಡೆ ತಿರುಗಿದರು. “ಇಷ್ಟೂ ತಪ್ಪು ನೀವು ಆಕಿಗೆ ಹೇಳಿದ್ರೇನು?”

“ಇಲ್ಲ ಮೇಡಂ. ನಾನು ಹಿಡಿದದ್ದು ಲಾರಿ, ಚರಂಡಿ ಎರಡೇ. ಬಿಸಿಲು, ಟಾಯ್ಲೆಟ್ಟು ನನಗೂ ಹೊಳೆದಿರಲಿಲ್ಲ. ಇವತ್ತೇ ಕೇಳ್ತಾ ಇರೋದು.”

ಮೇಡಂ ಕುರ್ಚಿಯಿಂದ ಎದ್ದರು. ಸಮಿತಿಯ ಉಳಿದವರ ಜೊತೆ ಇಂಗ್ಲಿಷಿನಲ್ಲಿ ಏನೋ ಮಾತಾಡಿದರು. ಅಲಮೇಲುಗೆ ಹೋಗಬಹುದು ಎಂದರು. ಒಳ್ಳೆಯದು ಎನ್ನಲಿಲ್ಲ, ಕೆಟ್ಟದು ಎನ್ನಲೂ ಇಲ್ಲ. ಹೊಸಬರು ತಿಳಿದಿರಬೇಕು: ಸಮಿತಿಯವರ ಮುಖದಿಂದ ಏನೂ ಓದಲಾಗುವುದಿಲ್ಲ. ಊಟ ಚೆನ್ನಾಗಿತ್ತು ಎಂದರೆ ಊಟ ಚೆನ್ನಾಗಿತ್ತು ಎಂದಷ್ಟೇ ಅರ್ಥ.

ಫಲಿತಾಂಶ ಬರುವವರೆಗೆ ಯಾರೂ ಅಲಮೇಲುವನ್ನು ಛೇಡಿಸಲಿಲ್ಲ. ಆ ಮೌನ ಅವಳಿಗೆ ಇನ್ನೂ ಕಷ್ಟವಾಗಿತ್ತು ಎಂದು ಕಾಣುತ್ತದೆ. ಊಟದ ಹೊತ್ತಿನಲ್ಲಿ ವರ್ಕ್‌ಶಾಪಿಗೆ ಬಂದು ಮರದ ತುಂಡುಗಳ ಮೇಲೆ ಕೂತು ಡಬ್ಬಿ ತೆಗೆಯುತ್ತಿದ್ದಳು. ಕೊನೆಗೆ ಒಂದು ದಿನ ಅನುಮತಿ ಸಿಕ್ಕಿದ ಸುದ್ದಿ ಬಂತು, ಪೂರ್ತಿ ಅನುಮತಿ. ಸಮಿತಿ ಬರೆದ ಮಾತುಗಳಲ್ಲಿ ಒಂದು ಸಾಲನ್ನು ವಿಮಲಾ ಮೇಡಂ ಸ್ಟಾಫ್ ರೂಮಿನಲ್ಲಿ ಕನ್ನಡ ಮಾಡಿ ಹೇಳಿದರು: ಇಲ್ಲಿ ಕೊನೆಯಲ್ಲಿ ಪಾಸಾದವರಿಗೂ ತಮ್ಮ ತಪ್ಪು ಎಲ್ಲಿದೆ ಎಂದು ಗೊತ್ತಿದೆ. ರೆಡ್ಡಪ್ಪನವರು ಎಲ್ಲರಿಗೂ ಮೈಸೂರು ಪಾಕು ಹಂಚಿದರು. ಅಲಮೇಲು ಕೈಗೆ ಎರಡು ಕೊಟ್ಟು, “ಲಾರಿ ಆಚೆಗ್ ಬಂತು ಬಿಡಮ್ಮ” ಎಂದರು.

ಆಮೇಲಿನ ಪರಿಶೀಲನೆಗಳಲ್ಲಿ ಹೇಳಿಕೊಳ್ಳುವಂಥದ್ದು ಕಡಿಮೆ. ಕೆಲಸದ ರೀತಿ ಬದಲಾಯಿತು. ಶ್ರೀನಿವಾಸಪುರದ ಹುಡುಗನೂ ಬೆಂಗಳೂರಿನ ಹುಡುಗಿಯೂ ಒಂದೇ ಥರದ ಕಂಪ್ಯೂಟರಿನಲ್ಲಿ ನಕ್ಷೆ ಬರೆಯತೊಡಗಿದರು. ಬ್ಲೇಡು ಹೋಯಿತು, ಅಮೋನಿಯಾ ವಾಸನೆಯ ನೀಲಿ ಪ್ರಿಂಟು ಹೋಯಿತು. ಮೊದಲು ಹತ್ತು ಮಾರು ದೂರದಿಂದಲೇ ಕಡಿಮೆ ಅಂಕದ ನಕ್ಷೆ ಯಾವುದು ಎಂದು ಹೇಳಬಹುದಿತ್ತು. ಕೆರೆದ ಗುರುತು, ಶಾಯಿಯ ಚುಕ್ಕೆ ಕಾಣುತ್ತಿದ್ದವು. ಈಗ ಎಲ್ಲವೂ ಒಂದೇ ನೀಟು. ತಪ್ಪು ಇದ್ದೇ ಇರುತ್ತದೆ, ಆದರೆ ಮರದ ನೆರಳು, ನಗುವ ಜನ, ಹಾರುವ ಹಕ್ಕಿಗಳ ಹಿಂದೆ ಇರುತ್ತದೆ. ಹುಡುಕುವುದು ಸಮಿತಿಯವರಿಗೂ ಕಷ್ಟ, ಬರೆದವರಿಗೂ ಕಷ್ಟ.

ಕೊರೊನಾ ಕಾಲದಲ್ಲಿ ಸಮಿತಿ ಬರಲಿಲ್ಲ, ಫೋನಿನಲ್ಲೇ ಕಾಲೇಜು ನೋಡಿತು. ಒಬ್ಬ ಯುವ ಮೇಷ್ಟ್ರು ಮೊಬೈಲ್ ಹಿಡಿದು ಮುಂದೆ ನಡೆದರು, ನಾನು ಬಾಗಿಲು ತೆರೆಯುತ್ತಾ ಹೋದೆ. ಅಂಗಳಕ್ಕೆ ಬಂದಾಗ ನೆಟ್‌ವರ್ಕ್ ಹೋಯಿತು. ಮತ್ತೆ ಬಂದಾಗ ಆ ಕಡೆಯಿಂದ ಯಾರೋ ಕೇಳಿದರು: “ಆ ಒಂದು ಗೋಡೆ ಮಾತ್ರ ಅರ್ಧ ಹಸಿರು ಯಾಕಿದೆ?” ಯುವ ಮೇಷ್ಟ್ರಿಗೆ ಗೊತ್ತಿರಲಿಲ್ಲ. ನನ್ನ ಕಡೆ ನೋಡಿದರು. “ಒಳಗೆ ಇಟ್ಟಿಗೆ ಇದೆ ಅಂತ ತೋರಿಸೋದಕ್ಕೆ” ಎಂದೆ. ಸರಿ ಎಂದು ಮುಂದಕ್ಕೆ ಹೋದರು.

ಗೋಡೆಗೆ ಹಾಕಿದ ನಕ್ಷೆಗಳನ್ನು ಮುಂದಿನ ಪರಿಶೀಲನೆಯವರೆಗೂ ಇಟ್ಟುಕೊಳ್ಳಬೇಕು ಎಂಬುದು ನಿಯಮ. ಆಮೇಲೆ ಬರೆದವರಿಗೆ ವಾಪಸು ಕೊಡಬಹುದು. ಒಳ್ಳೆಯ ಕೆಲಸದವರು ನೆನಪಿನಿಂದ ಬಂದು ತೆಗೆದುಕೊಂಡು ಹೋಗುತ್ತಾರೆ. ಕಡಿಮೆ ಅಂಕದವರು ಬರುವುದಿಲ್ಲ. ನಾನು ಕೆಲಸ ಬಿಡುವ ವರ್ಷ ಸ್ಟೋರು ಖಾಲಿ ಮಾಡುವಾಗ ಅಲಮೇಲುವಿನ ನಕ್ಷೆ ಒಂದು ಸುರುಳಿಯಲ್ಲಿ ಸಿಕ್ಕಿತು. ಹಳೆಯದೆಲ್ಲ ರದ್ದಿಗೆ ಹಾಕಲು ಹೇಳಿದ್ದರು. ನಾನು ಅವಳಿಗೆ ಫೋನು ಮಾಡಿದೆ. “ತನ್ನಿ ಅಣ್ಣಾ, ಬಸ್ ಸ್ಟ್ಯಾಂಡಿಗೆ ಬರ್ತೀನಿ” ಎಂದಳು.

ಅಲಮೇಲು ಶ್ರೀನಿವಾಸಪುರದಲ್ಲೇ ಗೊಬ್ಬರದ ಅಂಗಡಿಯ ಮೇಲೆ ಒಂದು ಆಫೀಸು ಇಟ್ಟುಕೊಂಡಿದ್ದಾಳೆ. ಬೋರ್ಡಿನಲ್ಲಿ ಆರ್ಕಿಟೆಕ್ಟ್ ಎಂದಿದೆ, ಕೆಳಗೆ ನಂಬರ್ ಇದೆ. ಮನೆಗಳು, ಒಂದೆರಡು ಕಲ್ಯಾಣ ಮಂಟಪ, ಶಾಲೆಯ ಕೊಠಡಿ ಮಾಡಿದ್ದಾಳೆ. ಮಂಡಿ ಯಾರೂ ಕಟ್ಟಿಸಲಿಲ್ಲ. ನಾನು ಹೋದಾಗ ಅವಳ ತಂದೆಯೂ ಅಲ್ಲೇ ಕೂತಿದ್ದರು. ಲಾರಿ ಕೆಲಸ ಬಿಟ್ಟು ಬಹಳ ದಿನವಾಗಿ, ಮಧ್ಯಾಹ್ನ ಮಗಳ ಆಫೀಸಿನಲ್ಲಿ ಪೇಪರ್ ಓದುವುದು ಅವರ ಅಭ್ಯಾಸವಂತೆ.

“ಏನಮ್ಮಾ ಅದು?” ಎಂದರು.

ಅಲಮೇಲು ನನ್ನ ಮುಖ ನೋಡಿದಳು. ಆಮೇಲೆ ಸುರುಳಿ ಬಿಚ್ಚಿ ಅವರ ಮುಂದೆ ಮೇಜಿನ ಮೇಲೆ ಹರಡಿದಳು. ನಾಲ್ಕು ಮೂಲೆಗೂ ಏನಾದರೊಂದು ಇಟ್ಟಳು. “ಕಾಲೇಜಲ್ಲಿ ಮಂಡಿ ಬರ್ದಿದ್ನಲ್ಲ ನಾಯ್ನಾ. ಅದೇ.”

ಅವರು ಕನ್ನಡಕ ಸರಿ ಮಾಡಿಕೊಂಡು ನೋಡಿದರು. ನಕ್ಷೆ ಓದಲು ಅವರಿಗೆ ಯಾರೂ ಕಲಿಸಿರಲಿಲ್ಲ. ಗೇಟು ಎಲ್ಲಿ ಎಂದು ಕೇಳಿ ತಿಳಿದುಕೊಂಡು, ಅಲ್ಲಿ ಬೆರಳಿಟ್ಟು, ರಸ್ತೆಯ ಮೇಲೆ ಸಾಗಿ, ಕಟ್ಟೆ ದಾಟಿ, ಕೆಂಪು ಸುತ್ತಿನ ಹತ್ತಿರ ಬಂದು ನಿಂತರು.

“ಲಾರಿ ಎಕ್ಕಡ ತಿರುಗುತುಂದಿ?” ಎಂದು ತೆಲುಗಿನಲ್ಲಿ ಕೇಳಿದರು. ಲಾರಿ ತಿರುಗುವುದು ಎಲ್ಲಿ?

“ತಿರುಗಲ್ಲ ನಾಯ್ನಾ.”

“ಮತ್ತೆ ಪಾಸೆಂಗ್ ಮಾಡಿದ್ರು?”

“ತಿರುಗಲ್ಲ ಅಂತ ಹೇಳ್ದೆ. ಮಾಡಿದ್ರು.”

ಅವರು ಮಗಳ ಮುಖವನ್ನೊಮ್ಮೆ, ನಕ್ಷೆಯನ್ನೊಮ್ಮೆ ನೋಡಿದರು. “ಇದೇನ್ ಮಹಾ ಇಕ್ಕಟ್ಟು” ಎಂದರು. “ಇದಕ್ಕಿಂತ ಇಕ್ಕಟ್ನಾಗೆ ಲೋಡ್ ಗಾಡಿ ಆಚೆಗ್ ತಂದಿದೀನಿ ನಾನು.” ಕೆಂಪು ಸುತ್ತಿನಿಂದ ಬೆರಳನ್ನು ಮೆಲ್ಲಗೆ ಹಿಂದಕ್ಕೆ ಎಳೆಯತೊಡಗಿದರು. ಇನ್ನೊಂದು ಕೈ ತಾನಾಗಿಯೇ ಮೇಲಕ್ಕೆದ್ದು ಡ್ರೈವರಿಗೆ ಸನ್ನೆ ಮಾಡುತ್ತಿತ್ತು. “ರಾನೀ, ರಾನೀ... ಬರ್ಲಿ, ಬರ್ಲಿ... ಸ್ವಲ್ಪ ರೈಟ್ಗೆ ಒಡೀ...” ಕಟ್ಟೆಯ ಪಕ್ಕದಲ್ಲಿ ಹಾದು, ಹೆಂಗಸರು ಕೂರುವ ಜಾಗ ಬಳಸಿ, ಬೆರಳು ಗೇಟಿನ ತನಕ ಬಂದು ಹೊರಗೆ ರಸ್ತೆಗೆ ಇಳಿಯಿತು.

“ರೈಟ್” ಎಂದು ಮೇಜನ್ನು ಎರಡು ಸಲ ತಟ್ಟಿದರು.